ನೀರಿನ ಲೋಟಕ್ಕೆ ಒನ್ಸ್ ಮೋರ್

ಎಲ್ಲಾ ರಾದ್ಧಾಂತಕ್ಕೂ ಮೂಲ ಒಂದು ಕರಿಹಲಗೆ.

ಅದು ನಾಟಕಮಂದಿರದ ಬಣ್ಣದ ಕೋಣೆಯಲ್ಲಿ, ಕನ್ನಡಿಯ ಪಕ್ಕದಲ್ಲೇ, ಮುಖಕ್ಕೆ ಬಣ್ಣ ಬಳಿದುಕೊಳ್ಳುವವರೆಲ್ಲರ ಕಣ್ಣಿಗೆ ಹೊಡೆಯುವ ಹಾಗೆ ನೇತಾಡುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಯಜಮಾನರು ಸೀಮೆಸುಣ್ಣ ಹಿಡಿದು ಬಂದು, ಹಿಂದಿನ ವಾರ ನೂರಕ್ಕೆ ಎಷ್ಟು ಕುರ್ಚಿ ತುಂಬಿತ್ತು ಅಂತ ಅದರ ಮೇಲೆ ದಪ್ಪಗೆ ಬರೆಯುತ್ತಿದ್ದರು. ನಾಟಕ ಶುರುವಾದ ವಾರ ತೊಂಬತ್ತು. ಆಮೇಲೆ ಮಂಡಿನೋವಿನ ಮುದುಕ ಮೆಟ್ಟಿಲಿಳಿದಂತೆ ಎಪ್ಪತ್ತು, ಅರವತ್ತೈದು, ಐವತ್ತೆರಡು. ಕಳೆದ ಎರಡು ವಾರ ಅರ್ಧಕ್ಕಿಂತಲೂ ಕೆಳಗೆ. ಸತತ ಮೂರು ವಾರ ಅರ್ಧ ಮುಟ್ಟದಿದ್ದರೆ ನಾಟಕಕ್ಕೆ ಮಂಗಳ ಹಾಡುವುದು ಯಜಮಾನರ ಕಾನೂನು. ಮೂರನೆಯ ವಾರ ಈ ಭಾನುವಾರಕ್ಕೆ ಮುಗಿಯುತ್ತಿತ್ತು.

ಈ ಲೆಕ್ಕ ಟಿಕೆಟ್ ಕಿಟಕಿಯಿಂದ ಬರುತ್ತಿರಲಿಲ್ಲ. ಕಿಟಕಿಯಲ್ಲಿ ಕೂತಿದ್ದವನು ಯಜಮಾನರ ಹೆಂಡತಿಯ ತಮ್ಮ. ಅವನ ಮಾತು ನಂಬುವಷ್ಟು ಯಜಮಾನರು ದಡ್ಡರಲ್ಲ, ಅವನನ್ನು ಕೆಲಸದಿಂದ ಬಿಡಿಸಿ ಮನೆಗೆ ಹೋಗುವಷ್ಟು ಧೈರ್ಯವಂತರೂ ಅಲ್ಲ. ಹಾಗಾಗಿ ಪ್ರತಿ ಆಟದಲ್ಲೂ ಮೊದಲ ಅಂಕ ಮುಗಿಯುವ ಹೊತ್ತಿಗೆ, ಕತ್ತಲಲ್ಲಿ ಜನರಿಗೆ ಕುರ್ಚಿ ತೋರಿಸುವ ಟಾರ್ಚಿನ ತಾತ ಹಿಂದೆ ನಿಂತು ಒಂದೊಂದೇ ತಲೆ ಎಣಿಸಬೇಕು. ತಾತ ಹೇಳಿದ್ದೇ ಹಲಗೆಗೆ ಏರುವ ಸಂಖ್ಯೆ.

ನಮ್ಮ ಕಥಾನಾಯಕ ಈ ನಾಟಕದ ನಾಯಕನಲ್ಲ. ಎರಡನೆಯ ಅಂಕದಲ್ಲಿ, ಗಂಡ ಸತ್ತ ಸುದ್ದಿ ಕೇಳಿ ಕುಸಿದು ಕೂತ ನಾಯಕಿಗೆ ಮನೆಯಾಳೊಬ್ಬ ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ಬರುತ್ತಾನೆ. "ಅಮ್ಮಾವ್ರೇ, ನೀರು" ಅನ್ನುತ್ತಾನೆ. ಅವಳು ಕುಡಿಯುತ್ತಾಳೆ. ಅವನು ಹೋಗುತ್ತಾನೆ. ಆ ಮನೆಯಾಳೇ ಈತ. ಇದಕ್ಕೆ ಮುಂಚಿನ ನಾಟಕಗಳಲ್ಲಿ ಬಾಗಿಲು ಕಾಯುವ ಪೊಲೀಸು, ಗುಂಪಿನಲ್ಲಿ ನಾಲ್ಕನೆಯವನು, ಒಂದರಲ್ಲಂತೂ ಮೊದಲಿನಿಂದ ಕೊನೆಯವರೆಗೂ ಹೆಣ. ಮಾತಾಡುವ ಪಾತ್ರ ಸಿಕ್ಕಿದ್ದು ಇದೇ ಮೊದಲು. ಅಂದಿನಿಂದ ಎಲ್ಲರೂ ಅವನನ್ನು ಲೋಟಣ್ಣ ಅಂತಲೇ ಕರೆಯುತ್ತಿದ್ದರು. ತಾಯಿ ಇಟ್ಟ ಹೆಸರು ಈಗ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಲೋಟಣ್ಣನಿಗೆ ಅದರ ಬೇಸರವಿರಲಿಲ್ಲ. ಆ ಒಂದು ನಿಮಿಷ ದೀಪದ ಕೆಳಗೆ ನಿಂತಾಗ ಅವನಿಗೆ ತಾನು ಬದುಕಿದ್ದೇನೆ ಅನ್ನಿಸುತ್ತಿತ್ತು. ಉಳಿದ ಇಪ್ಪತ್ತಮೂರು ಚಿಲ್ಲರೆ ಗಂಟೆ ಸುಮ್ಮನೆ ಉಸಿರಾಡುತ್ತಿದ್ದ, ಅಷ್ಟೆ.

ಭಾನುವಾರ ಬೆಳಿಗ್ಗೆ ಹೆಂಡತಿ ಚಹಾದ ಲೋಟವನ್ನು ಅವನ ಮುಂದೆ ಕುಕ್ಕಿದಳು.

"ರೀ, ನಾಳೆ ಏಳಕ್ಕೆಲ್ಲ ತಯಾರಾಗಿರಿ. ನನ್ನ ತಮ್ಮ ಏಳೂವರೆಗೆ ಅಂಗಡಿ ತೆಗೀತಾನೆ."

"ನಾಟಕ ಇನ್ನೂ ನಿಂತಿಲ್ವಲ್ಲೇ."

"ಇವತ್ತು ನಿಲ್ಲತ್ತಲ್ಲ. ಈ ನಾಟಕವೂ ಮುಚ್ಚಿದ್ರೆ ಟೈರ್ ಅಂಗಡಿಗೆ ಹೋಗ್ತೀನಿ ಅಂತ ನೀವೇ ನನ್ನ ತಲೆ ಮೇಲೆ ಕೈ ಇಟ್ಟು ಹೇಳಿದ್ರಿ. ನನ್ನ ತಲೆ ಇನ್ನೂ ಇಲ್ಲೇ ಇದೆ."

ಹೇಳಿದ್ದು ನಿಜ. ನಾಟಕ ತೊಂಬತ್ತರಲ್ಲಿದ್ದಾಗ ಹೇಳಿದ ಮಾತು ಅದು. ಆಗ ಯಾರ ತಲೆ ಮೇಲೆ ಬೇಕಾದರೂ ಕೈ ಇಡುವಷ್ಟು ಧೈರ್ಯವಿತ್ತು.

ಭಾವಮೈದುನನ ಅಂಗಡಿಯಲ್ಲಿ ಅವನು ಹಿಂದೊಮ್ಮೆ ಒಂದು ಮಧ್ಯಾಹ್ನ ಕೂತಿದ್ದ. ಸುತ್ತ ಆಳೆತ್ತರಕ್ಕೆ ಪೇರಿಸಿದ ಟೈರುಗಳು, ಅವುಗಳ ನಡುವೆ ಬಾವಿಯ ತಳದಲ್ಲಿ ಕೂತಂತೆ ಅವನು. ರಬ್ಬರಿನ ವಾಸನೆ ಮೂಗಿಗೆ ಹತ್ತಿ ಮೂರು ದಿನ ಊಟ ಸೇರಿರಲಿಲ್ಲ. ಗಾಳಿ ತುಂಬುವ ಯಂತ್ರ ನಿಮಿಷಕ್ಕೊಮ್ಮೆ ಬುಸ್ಸೆಂದಾಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಬಂದ ಗಿರಾಕಿಗಳಲ್ಲಿ ಒಬ್ಬನೂ ಅವನ ಮುಖ ನೋಡಲಿಲ್ಲ, ಎಲ್ಲರೂ ಟೈರು ನೋಡಿದರು. ಇನ್ನು ಸಾಯುವವರೆಗೂ ಅದೇ.

ಚಹಾವನ್ನು ಅರ್ಧಕ್ಕೇ ಬಿಟ್ಟು ನಾಟಕಮಂದಿರಕ್ಕೆ ಓಡಿದ. ತಾತ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಟಾರ್ಚಿನ ಸೆಲ್ಲುಗಳನ್ನು ಬಿಸಿಲಿಗೆ ಇಟ್ಟಿದ್ದರು.

"ತಾತ, ನಮ್ಮ ಕತೆ ಏನು?"

"ಕತೆ ಮುಗೀತು ಅಂತಿಟ್ಕೋ. ಇವತ್ತು ಒಂದು ಕುರ್ಚಿನೂ ಖಾಲಿ ಇರ್ಬಾರ್ದು. ಆಗ ಮಾತ್ರ ವಾರಕ್ಕೆ ಅರ್ಧ ಮುಟ್ಟತ್ತೆ."

"ಒಂದೂ ಇರ್ಬಾರ್ದಾ?"

"ಒಂದೋ ಎರಡೋ ಇರ್ಲಿ ಬಿಡು, ನಿನ್ ಮುಖ ನೋಡಿ ಕಣ್ಣು ಮುಚ್ಚಿಕೊಳ್ತೀನಿ. ಮೂರಾದ್ರೆ ಆಗಲ್ಲ. ನನಗೂ ಮನಸ್ಸಾಕ್ಷಿ ಇದೆ."

ನಾನೂರು ಕುರ್ಚಿ. ಹಿಂದಿನ ದಿನ ಬಂದಿದ್ದವರಲ್ಲಿ ಎಷ್ಟೋ ಜನ ಎದುರು ಮಂದಿರದ ದೆವ್ವದ ನಾಟಕಕ್ಕೆ ಟಿಕೆಟ್ ಸಿಗದೆ ಇಲ್ಲಿ ಬಂದು ನಿದ್ದೆ ಹೊಡೆದವರು. ಆ ದೆವ್ವ ನಲವತ್ತು ವಾರದಿಂದ ಕುಣಿಯುತ್ತಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲಿ ಅಳುವ ನಾಟಕ. ಅಳುವುದಕ್ಕೆ ಮನೆಯಲ್ಲೇ ಬೇಕಾದಷ್ಟು ಕಾರಣ ಇರುವಾಗ ಟಿಕೆಟ್ ಯಾಕೆ ಕೊಳ್ಳಬೇಕು ಅನ್ನುವುದು ಜನರ ಮಾತು. ತಪ್ಪೂ ಅಲ್ಲ.

ಲೋಟಣ್ಣ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಏನೋ ಹೊಳೆದು ಮುಖ ಎತ್ತಿದ.

"ತಾತ, ನೀವು ಎಣಿಸೋದು ತಲೆನೋ ಟಿಕೆಟ್ಟೋ?"

"ತಲೆ ಕಣಪ್ಪಾ. ತಲೆ ಒಳಗೇನಿದೆ, ಜೇಬೊಳಗೇನಿದೆ, ಅವೆಲ್ಲ ನನಗ್ಯಾಕೆ?"

ಲೋಟಣ್ಣ ಎದ್ದು ಬಣ್ಣದ ಕೋಣೆಗೆ ಹೋದ. ಅಲ್ಲಿ ಮೂಲೆಯಲ್ಲಿ ಒಂದು ಬಿಸ್ಕತ್ ಡಬ್ಬ ಇತ್ತು. ನಾಟಕದವರಿಗೆ ತಲೆಗೆ ಎರಡರಂತೆ ವಾರವಾರವೂ ಬಿಟ್ಟಿ ಪಾಸು ಕೊಡುವುದು ಅಲ್ಲಿನ ಪದ್ಧತಿ, ಮನೆಯವರು ಬಂದು ನೋಡಲಿ ಅಂತ. ಮೊದಲ ವಾರ ಮನೆಯವರು ಬಂದರು, ನೋಡಿದರು, ಮತ್ತೆ ಬರಲಿಲ್ಲ. ಅಂದಿನಿಂದ ಎಲ್ಲರೂ ಪಾಸುಗಳನ್ನು ಆ ಡಬ್ಬಕ್ಕೆ ತುರುಕುತ್ತಿದ್ದರು. ವಾರಕ್ಕೊಮ್ಮೆ ಹೊಸದಾಗಿ ಅಚ್ಚು ಹಾಕಿಸುವ ಖರ್ಚು ಉಳಿಸಲು ಯಜಮಾನರು ಪಾಸಿನ ಮೇಲೆ ತಾರೀಖನ್ನೇ ಹಾಕಿಸಿರಲಿಲ್ಲ. ಡಬ್ಬದ ಮುಚ್ಚಳ ತೆಗೆದರೆ ಪಾಸುಗಳು ಉಕ್ಕಿ ನೆಲಕ್ಕೆ ಬಿದ್ದವು.

ಲೋಟಣ್ಣನ ಕಣ್ಣಲ್ಲಿ ನೀರು ಬಂತು. ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ಮನೆಯ ಕಡೆ ಹೊರಟ.

ಅವನಿದ್ದ ಕಟ್ಟಡ ನಾಲ್ಕಂತಸ್ತಿನದು, ಹಿಂದೆ ಮುಂದೆ ಅಂಥವೇ ಇನ್ನೂ ಮೂರು. ಒಂದು ಮನೆಯಲ್ಲಿ ಸೀನಿದರೆ ಎಲ್ಲ ಮನೆಯವರೂ ಔಷಧ ಹೇಳುವಂಥ ಜಾಗ. ಮೊದಲು ಕೆಳಗಿನ ಮನೆಯ ಟೈಲರಮ್ಮನ ಬಾಗಿಲು ತಟ್ಟಿದ. ಅವಳು ಯಂತ್ರದ ಮುಂದೆ ಕೂತು ದಪ್ಪ ನೀಲಿ ಬಟ್ಟೆಯೊಂದನ್ನು ಹೊಲಿಯುತ್ತಿದ್ದಳು.

"ಬನ್ನಿ ಬನ್ನಿ, ಒಳ್ಳೇ ಟೈಮಿಗೆ ಬಂದ್ರಿ. ಸ್ವಲ್ಪ ಹಂಗೇ ನಿಂತ್ಕೊಳ್ಳಿ" ಅಂತ ಟೇಪು ತಂದು ಅವನ ಹೆಗಲಿಗೆ ಹಿಡಿದಳು.

"ನನಗ್ಯಾಕೆ ಟೈಲರಮ್ಮಾ?"

"ನಿಮಗಲ್ಲ, ಯಾರದೋ ಆರ್ಡರು. ಅವರೂ ನಿಮ್ಮಷ್ಟೇ ದಪ್ಪ. ಕೈ ಎತ್ತಿ. ಅದೇನದು ಡಬ್ಬ?"

"ನಾಟಕದ ಪಾಸು. ಇವತ್ತು ಸಂಜೆಗೆ. ಬಿಟ್ಟಿ."

ಟೈಲರಮ್ಮನ ಟೇಪು ಅಲ್ಲೇ ನಿಂತಿತು. "ಬಿಟ್ಟಿನಾ? ಏನಾಗಿದೆ ನಾಟಕಕ್ಕೆ?"

"ಏನೂ ಆಗಿಲ್ಲ."

"ಏನೂ ಆಗ್ದೆ ಯಾರಾದ್ರೂ ಬಿಟ್ಟಿ ಕೊಡ್ತಾರಾ? ಬೇಡಪ್ಪಾ. ಸಂಜೆ ನನಗೆ ಕೆಲಸ ಇದೆ."

ಮೇಲಿನ ಮನೆಯಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು. ಅವರು ಪಾಸನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ನಾಟಕದಲ್ಲಿ ಯಾರಾದ್ರೂ ಸಾಯ್ತಾರೇನ್ರೀ?"

"ಒಬ್ರು ಸಾಯ್ತಾರೆ ಮೇಷ್ಟ್ರೇ. ಆದ್ರೆ ಒಳಗೆ. ಕಾಣಲ್ಲ."

"ಕಾಣದೇ ಇದ್ದ ಮೇಲೆ ನೋಡೋಕೆ ಯಾಕೆ ಬರ್ಬೇಕು?" ಅಂತ ಅವರು ಪಾಸನ್ನು ಕೈಯಲ್ಲೇ ಇಟ್ಟುಕೊಂಡು ಬಾಗಿಲು ಹಾಕಿಕೊಂಡರು.

ಹೀಗೇ ಏಳೆಂಟು ಬಾಗಿಲು. ಒಬ್ಬರಿಗೆ ತಲೆನೋವು, ಒಬ್ಬರ ಮನೆಗೆ ನೆಂಟರು, ಇನ್ನೊಬ್ಬರು ಬಾಗಿಲೇ ತೆಗೆಯದೆ ಒಳಗಿನಿಂದ "ಮನೇಲಿ ಯಾರೂ ಇಲ್ಲ" ಅಂದರು. ಲೋಟಣ್ಣ ಮೆಟ್ಟಿಲ ತಿರುವಿನಲ್ಲಿ ಡಬ್ಬ ಕೆಳಗಿಟ್ಟು ನಿಂತ. ಬಿಟ್ಟಿಯಾಗಿ ಕೊಟ್ಟರೂ ಬೇಡದ ವಸ್ತುವಿಗೆ ತನ್ನ ಹದಿನೆಂಟು ವರ್ಷ ಸುರಿದೆನಲ್ಲ ಅಂತ ದುಃಖ ಒತ್ತರಿಸಿ ಬಂತು. ಅವನ ಕಣ್ಣ ಮುಂದೆ ಟೈರುಗಳು ಒಂದರ ಮೇಲೊಂದು ಏರತೊಡಗಿದವು.

ಆ ದುಃಖದಲ್ಲೇ ಒಂದು ಸುಳ್ಳು ಹುಟ್ಟಿತು. ಜೀವನದಲ್ಲಿ ಅವನು ಹೇಳಿದ ಮೊದಲ ಒಳ್ಳೆಯ ಡೈಲಾಗು ಅದು.

ಮತ್ತೆ ಮೇಷ್ಟ್ರ ಬಾಗಿಲು ತಟ್ಟಿದ. ದನಿ ತಗ್ಗಿಸಿ, ಅತ್ತಿತ್ತ ನೋಡಿ, "ಮೇಷ್ಟ್ರೇ, ಆ ಪಾಸು ವಾಪಸ್ ಕೇಳಕ್ಕೆ ಬಂದೆ. ಟಿಕೆಟ್ ಎಲ್ಲೂ ಸಿಗ್ತಿಲ್ಲ. ಡಾಕ್ಟರೊಬ್ರು ನಾಲ್ಕು ಸಲ ಆಳು ಕಳ್ಸಿದಾರೆ. ನಿಮ್ಗೆ ಬೇಡ ಅಂದ್ರೆ ಅವ್ರಿಗೆ ಕೊಟ್ಬಿಡ್ತೀನಿ."

"ಬೇಡ ಅಂದೋರು ಯಾರ್ರೀ?" ಮೇಷ್ಟ್ರು ಪಾಸಿನ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. "ನಮ್ಮನೇಲಿ ಐದು ಜನ. ಇನ್ನು ನಾಲ್ಕು ಕೊಡಿ. ಮುಂದಿನ ಸಾಲು."

ಮಾತು ಮೆಟ್ಟಿಲಿಳಿದು ಅವನಿಗಿಂತ ಮುಂಚೆ ಕೆಳಗೆ ತಲುಪಿತ್ತು. ಟೈಲರಮ್ಮ ಬಾಗಿಲಲ್ಲೇ ಅಡ್ಡ ನಿಂತಿದ್ದಳು. "ಏನ್ರೀ ಇದು ಅನ್ಯಾಯ? ಮೇಲಿನ ಮನೆಗೆ ಐದು, ನನಗೆ ಸೊನ್ನೆ? ನಿಮ್ಮ ಅಂಗಿಗೆ ಗುಂಡಿ ಹಾಕಿದ್ದು ಯಾರು?" ನೆಂಟರಿದ್ದವರು ನೆಂಟರಿಗೂ ಸೇರಿಸಿ ಕೇಳಿದರು. ಮನೆಯಲ್ಲಿ ಯಾರೂ ಇಲ್ಲದವರು ಏಳು ಜನ ಹೊರಬಂದರು. ಮಧ್ಯಾಹ್ನದ ಹೊತ್ತಿಗೆ ಅವನ ಮನೆಯ ಮುಂದೆ ನಾಲ್ಕೂ ಕಟ್ಟಡದ ಜನ ಸಾಲು ನಿಂತು, ಸಾಲಿನಲ್ಲಿ ಜಗಳ ಹತ್ತಿ, ಕೊನೆಗೆ ಮೇಷ್ಟ್ರೇ ಒಂದು ಕೋಲು ಹಿಡಿದು ಶಿಸ್ತು ಕಾಪಾಡಬೇಕಾಯಿತು.

"ನಾಟಕದಲ್ಲಿ ನೀವು ಯಾರು ಅಂತ ಗೊತ್ತಾಗೋದು ಹೆಂಗೆ?" ಟೈಲರಮ್ಮ ಕೇಳಿದಳು.

"ನೀರು ತರೋನು ನಾನೇ."

"ಸರಿ. ಬಿಟ್ಟಿ ಬಂದ ಮೇಲೆ ನಿಮ್ಮ ಋಣ ಇಟ್ಕೊಳ್ಳಲ್ಲ. ನೀವು ಬಂದಾಗ ಚಪ್ಪಾಳೆ ನನಗೆ ಬಿಡಿ." ಸಾಲಿನವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು.

ಡಬ್ಬ ಖಾಲಿಯಾಯಿತು. ತಳದಲ್ಲಿ ಉಳಿದಿದ್ದ ಕೊನೆಯ ಪಾಸನ್ನು ಹೆಂಡತಿ ಎತ್ತಿಕೊಂಡಳು.

"ಇದು ನನ್ನ ತಮ್ಮಂಗೆ."

"ಅವನಿಗ್ಯಾಕೆ? ಅವನು ನಾಟಕ ಅಂದ್ರೆ ಮೂಗು ಮುರೀತಾನೆ."

"ಹೆಂಗೂ ನಾಳಿನ ಕೆಲಸದ ಮಾತಾಡೋಕೆ ರಾತ್ರಿ ಅಲ್ಲಿಗೇ ಬರ್ತಾನೆ. ಹೊರಗೆ ಯಾಕೆ ಕಾಯ್ಬೇಕು? ಒಳಗೇ ಕೂತಿರ್ಲಿ."

ಸಂಜೆ ನಾಟಕಮಂದಿರದ ಮುಂದೆ ನಡೆದದ್ದನ್ನು ಯಜಮಾನರು ಕಣ್ಣುಜ್ಜಿಕೊಂಡು ಎರಡು ಸಲ ನೋಡಿದರು. ಜನ ನುಗ್ಗುತ್ತಿದ್ದರು. ಹೌಸ್‌ಫುಲ್ ಬೋರ್ಡು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅದು ಮೆಟ್ಟಿಲ ಕೆಳಗೆ, ಪೊರಕೆಗಳ ಹಿಂದೆ ಸಿಕ್ಕಿತು. ಜೇಡರಬಲೆ ಒರೆಸಿ ಬಾಗಿಲಿಗೆ ನೇತುಹಾಕಿದರು.

ಅದನ್ನು ನೇತುಹಾಕಿ ಎರಡು ನಿಮಿಷವೂ ಆಗಿರಲಿಲ್ಲ, ಒಂದು ಬಸ್ಸು ಬಂದು ನಿಂತಿತು. ಪೋಸ್ಟಾಫೀಸಿನಿಂದ ನಿವೃತ್ತರಾದವರ ಸಂಘವಂತೆ, ಅರವತ್ತು ಜನ. ದೆವ್ವದ ನಾಟಕಕ್ಕೆ ಬಂದವರು, ಅಲ್ಲಿ ಟಿಕೆಟ್ ಸಿಗದೆ ಇತ್ತ ತಿರುಗಿದ್ದರು. ಎಲ್ಲರ ಕೈಯಲ್ಲೂ ಗರಿಗರಿ ನೋಟು.

"ದುಡ್ಡು ಕೊಡ್ತೀವಿ ಕಣ್ರೀ! ನಿಂತ್ಕೊಂಡಾದ್ರೂ ನೋಡ್ತೀವಿ!" ಸಂಘದ ಅಧ್ಯಕ್ಷರು ಟಿಕೆಟ್ ಕಿಟಕಿಯೊಳಗೆ ಕೈ ತೂರಿಸಿ ಗೋಗರೆದರು.

"ಜಾಗ ಇಲ್ಲ ಸ್ವಾಮಿ, ಸೂಜಿ ಹಾಕೋಕೂ ಜಾಗ ಇಲ್ಲ" ಅಂದ ಕಿಟಕಿಯಲ್ಲಿದ್ದ ಯಜಮಾನರ ಹೆಂಡತಿಯ ತಮ್ಮ. ಆ ಮಾತು ಹೇಳುವ ಯೋಗ ಅವನಿಗೆ ಎಷ್ಟೋ ಕಾಲದ ಮೇಲೆ ಬಂದಿತ್ತು, ಎರಡೆರಡು ಸಲ ಹೇಳಿದ.

ಮಂದಿರದ ಬಾಗಿಲ ಪರದೆಯ ಸಂದಿಯಿಂದ ಲೋಟಣ್ಣ ಅದನ್ನು ನೋಡಿದ. ಇಡೀ ತಿಂಗಳಲ್ಲಿ ದುಡ್ಡು ಕೊಟ್ಟು ನೋಡಲು ಗುಂಪಾಗಿ ಬಂದ ಮೊದಲ ಜನ ಬಸ್ ಹತ್ತಿ ವಾಪಸ್ ಹೋಗುತ್ತಿದ್ದರು. ಒಳಗೆ ಟೈಲರಮ್ಮ ಎರಡು ಕುರ್ಚಿ ಹಿಡಿದು, ಒಂದರಲ್ಲಿ ತಾನೂ ಇನ್ನೊಂದರಲ್ಲಿ ತನ್ನ ಚೀಲವೂ ಕೂತಿದ್ದಳು. ಲೋಟಣ್ಣ ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಆದರೆ ತಲೆ ತಲೆಯೇ, ಹಲಗೆ ಹಲಗೆಯೇ ಅಂತ ಸಮಾಧಾನ ಮಾಡಿಕೊಂಡ. ಮೆಟ್ಟಿಲ ಮೇಲೆ ನಿಂತು ಆ ಬಸ್ಸನ್ನೇ ಬಾಯಿಬಿಟ್ಟು ನೋಡುತ್ತಿದ್ದ ಇನ್ನೊಬ್ಬನನ್ನು ಅವನು ಗಮನಿಸಲಿಲ್ಲ. ಅವನು ಲೋಟಣ್ಣನದೇ ಭಾವಮೈದುನ, ಟೈರ್ ಅಂಗಡಿಯವನು, ಕಂಕುಳಲ್ಲಿ ಕಾಗದದ ಪೊಟ್ಟಣ.

ಮೊದಲ ಅಂಕ ಮುಗಿಯಿತು. ತಾತ ಬಂದು ಲೋಟಣ್ಣನ ಕಿವಿಯಲ್ಲಿ "ಮುನ್ನೂರ ತೊಂಬತ್ತೊಂಬತ್ತು. ಒಂದು ಚೀಲ. ಚೀಲಾನೂ ತಲೆ ಅಂತಲೇ ಹಿಡಿದೆ" ಅಂದರು. ಲೋಟಣ್ಣ ಅವರ ಕಾಲು ಮುಟ್ಟಲು ಬಗ್ಗಿದ. "ಬಿಡಪ್ಪಾ, ನೀರು ಚೆಲ್ಲೀಯೆ" ಅಂತ ತಾತ ತಡೆದರು.

ಎರಡನೆಯ ಅಂಕ. ನಾಯಕಿ ಗಂಡ ಸತ್ತ ಸುದ್ದಿ ಕೇಳಿ "ಅಯ್ಯೋ" ಅಂತ ಕುಸಿದಳು. ಮಂದಿರದಲ್ಲಿ ಸದ್ದಿಲ್ಲ. ಲೋಟಣ್ಣ ತಟ್ಟೆ ಹಿಡಿದು ದೀಪದ ಕೆಳಗೆ ಕಾಲಿಟ್ಟ.

"ಬಂದ್ರು! ನಮ್ಮ ಲೋಟಣ್ಣ ಬಂದ್ರು!" ಅಂತ ಟೈಲರಮ್ಮ ಕೂಗಿದಳು.

ಮಾಡು ಹಾರಿಹೋಗುವಂಥ ಚಪ್ಪಾಳೆ. ನಾಲ್ಕು ಕಟ್ಟಡದ ಜನರೂ ಒಟ್ಟಿಗೆ ಎದ್ದು ನಿಂತರು. ಸಿಳ್ಳೆ ಬಿತ್ತು. ಲೋಟಣ್ಣನ ನಾಲಗೆ ಒಣಗಿತು. ತಾನು ತಂದ ನೀರನ್ನು ತಾನೇ ಕುಡಿಯುವ ಆಸೆಯಾಯಿತು. ತಟ್ಟೆ ವಾಲಿ ಅರ್ಧ ನೀರು ನಾಯಕಿಯ ಸೀರೆ ಮೇಲೆ ಚೆಲ್ಲಿತು.

"ಅಮ್ಮಾವ್ರೇ, ನೀರು."

"ಒನ್ಸ್ ಮೋರ್!" ಅಂದರು ಮೇಷ್ಟ್ರು, ಮುಂದಿನ ಸಾಲಿನಿಂದ, ಕ್ಲಾಸಿನಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ. ಹಿಂದಿನವರೆಲ್ಲ ಕೂಡಿ ಕೂಗಿದರು: "ಒನ್ಸ್ ಮೋರ್! ಒನ್ಸ್ ಮೋರ್!"

ಜನ ಕೂಗುವುದು ನಿಲ್ಲಿಸಲಿಲ್ಲ. ಬೇರೆ ದಾರಿ ಕಾಣದೆ ಲೋಟಣ್ಣ ಒಳಗೆ ಹೋಗಿ ಲೋಟ ತುಂಬಿಸಿಕೊಂಡು ಮತ್ತೆ ಬಂದ. ನಾಯಕಿ ಮತ್ತೆ ಕುಸಿದು, ಮತ್ತೆ ಕುಡಿದಳು. ಮತ್ತೆ ಒನ್ಸ್ ಮೋರ್. ಮೂರನೆಯ ಲೋಟಕ್ಕೆ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು, ಹಲ್ಲು ಕಚ್ಚಿಕೊಂಡು, "ಇನ್ನೊಂದು ತಂದ್ರೆ ನಿನ್ ತಲೆ ಮೇಲೆ ಸುರೀತೀನಿ" ಅಂದಳು. ಮುಂದಿನ ಸಾಲಿಗೆ ಅದು ಕೇಳಿಸಿತು. ಇಡೀ ಮಂದಿರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಲವತ್ತು ವಾರ ಕುಣಿದ ದೆವ್ವಕ್ಕೂ ಅಂಥ ನಗು ಸಿಕ್ಕಿರಲಾರದು.

ಲೋಟಣ್ಣ ಬಣ್ಣದ ಕೋಣೆಗೆ ಬಂದು ಕುರ್ಚಿಯಲ್ಲಿ ಬಿದ್ದ. ನಾಯಕಿ ನಾಳೆ ಅವನ ಚರ್ಮ ಸುಲಿಯುತ್ತಾಳೆ, ಸುಲಿಯಲಿ. ನಾಳೆ ಅನ್ನುವುದೊಂದು ಇದೆಯಲ್ಲ! ನಾಟಕ ಉಳಿಯಿತು. ಹಲಗೆಯ ಮೇಲೆ ಅರ್ಧ ಬಂದೇ ಬರುತ್ತದೆ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಬಣ್ಣ ಕರಗಿ ಕೆನ್ನೆಯ ಮೇಲೆ ಇಳಿದಿತ್ತು, ಆದರೂ ಆ ಮುಖ ಅವನಿಗೆ ಚೆಂದವೇ ಕಾಣಿಸಿತು.

ಕೊನೆಯ ಪರದೆ ಬಿದ್ದ ಮೇಲೆ ಯಜಮಾನರು ಹೇಳಿಕಳಿಸಿದರು. ಲೋಟಣ್ಣ ಅವರ ಕೋಣೆಗೆ ಹೋದರೆ ಅಲ್ಲಿ ಹೆಂಡತಿ ಇದ್ದಳು, ಟಾರ್ಚಿನ ತಾತ ಇದ್ದರು, ಯಜಮಾನರ ಎದುರು ಟೈರ್ ಅಂಗಡಿಯ ಭಾವಮೈದುನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಯಜಮಾನರ ಮುಖದಲ್ಲಿ, ಹಳೆಯ ಎಮ್ಮೆಯನ್ನು ಒಳ್ಳೆಯ ಬೆಲೆಗೆ ದಾಟಿಸಿದವನ ಕಳೆ ಇತ್ತು.

"ಭಾವ, ನಾಟಕ ತಗೊಂಡೆ" ಅಂದ ಭಾವಮೈದುನ.

"ಯಾವ ನಾಟಕ?"

"ಇದೇ ನಾಟಕ. ನಿಮ್ಮ ನೀರಿನ ನಾಟಕ. ಇಂಟರ್ವಲ್ಲಲ್ಲೇ ಮಾತಾಡಿ ಮುಗಿಸ್ದೆ. ಇನ್ಮೇಲೆ ಕಂಪನಿ ನಂದು."

ಲೋಟಣ್ಣ ಒಂದು ಹೆಜ್ಜೆ ಮುಂದೆ ಬಂದ. "ಹಾಗಾದ್ರೆ... ನಾಟಕ ನಿಲ್ಲಲ್ವಾ?"

"ನಿಲ್ಲೋದಾ? ಇಷ್ಟು ವರ್ಷ ಅಂಗಡಿ ಇಟ್ಟಿದ್ದೀನಿ, ಭಾವ. ಟೈರಿಗೆ ಅಂತ ಜನ ಬಸ್ ಮಾಡ್ಕೊಂಡು ಬಂದು ಅಂಗಲಾಚಿದ್ದು ಒಂದಿನಾನೂ ನೋಡಿಲ್ಲ. ಇಂಥ ವ್ಯಾಪಾರ ಬಿಡ್ತಾರಾ?"

ಲೋಟಣ್ಣ ಅವನ ಎರಡೂ ಕೈ ಹಿಡಿದುಕೊಂಡ. ಹದಿನೆಂಟು ವರ್ಷದಲ್ಲಿ ಭಾವಮೈದುನನನ್ನು ಅಪ್ಪಿಕೊಳ್ಳಬೇಕು ಅನ್ನಿಸಿದ್ದು ಅದೇ ಮೊದಲು. "ಒಳ್ಳೇ ಕೆಲಸ ಮಾಡ್ದೆ ಕಣಪ್ಪಾ. ನಿನ್ನ ಹೊಟ್ಟೆ ತಣ್ಣಗಿರ್ಲಿ. ಮತ್ತೆ ಅಂಗಡಿ?"

"ಅದೇ ಮಾತು ಬಂದಿದ್ದು. ನಾನು ಇಲ್ಲಿದ್ರೆ ಅಲ್ಲಿಗೆ ನಂಬಿಕಸ್ತರು ಬೇಕಲ್ಲ. ಮೊದ್ಲು ನೀವು ನನ್ನ ಕೈ ಕೆಳಗೆ ಇರ್ತಿದ್ರಿ. ಈಗ ಇಡೀ ಅಂಗಡಿ ನಿಮ್ಮ ಮೇಲೇ." ಅವನು ಕಾಗದದ ಪೊಟ್ಟಣ ಬಿಚ್ಚಿದ. ಒಳಗೆ ಅಂಗಡಿಯಲ್ಲಿ ತೊಡುವ ದಪ್ಪ ನೀಲಿ ಕೋಟು. ಟೈಲರಮ್ಮನ ಹೊಲಿಗೆ. ಅಳತೆ ತಪ್ಪಿರಲು ಸಾಧ್ಯವೇ ಇರಲಿಲ್ಲ.

"ಅಲ್ಲಪ್ಪಾ, ನಾಟಕ ಇದ್ಯಲ್ಲ! ನನ್ನ ಪಾತ್ರ?"

ಭಾವಮೈದುನ ಅಕ್ಕನ ಕಡೆ ನೋಡಿ ಸ್ವಲ್ಪ ನಾಚಿಕೊಂಡ. "ನೋಡಿ ಭಾವ, ಇಡೀ ನಾಟಕದಲ್ಲಿ ಜನ ಎದ್ದು ನಿಂತಿದ್ದು ಯಾವುದಕ್ಕೆ? ನೀರಿಗೆ. ನಾಯಕ ಬಂದ, ನಾಯಕಿ ಬಂದಳು, ಒಬ್ರೂ ಕೈ ಎತ್ತಲಿಲ್ಲ. ಲೋಟ ಬಂತು ನೋಡಿ, ಏನ್ ಚಪ್ಪಾಳೆ! ಅಂಥ ಪಾತ್ರ ಮಾಲೀಕನೇ ಮಾಡ್ಬೇಕು. ನಾನೇ ಮಾಡ್ತೀನಿ."

ಲೋಟಣ್ಣ ಕುರ್ಚಿಗಾಗಿ ತಡಕಾಡಿದ. ಅಲ್ಲಿ ಕುರ್ಚಿ ಇರಲಿಲ್ಲ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಕಕ್ಕಿದ.

"ಕೇಳಪ್ಪಾ, ಆ ಜನ ಎಲ್ಲ ನಮ್ಮ ಬಿಲ್ಡಿಂಗಿನೋರು. ಒಬ್ರೂ ದುಡ್ಡು ಕೊಟ್ಟಿಲ್ಲ. ಪಾಸು! ಬಿಸ್ಕತ್ ಡಬ್ಬದಲ್ಲಿದ್ದ ಪಾಸು! ನಾನೇ ಮನೆಮನೆಗೆ ಹೋಗಿ ಹಂಚ್ದೆ. ಚಪ್ಪಾಳೆನೂ ಬಿಟ್ಟಿದೇ. ಮುಂದಿನ ವಾರ ಇಲ್ಲಿ ನೊಣಾನೂ ಬರಲ್ಲ."

ಯಜಮಾನರು ಕೆಮ್ಮಿದರು. ತಾತ ಟಾರ್ಚಿನ ಗಾಜು ಒರೆಸತೊಡಗಿದರು.

ಭಾವಮೈದುನ ಗೊಳ್ಳನೆ ನಕ್ಕ. "ಸಾಕು ಭಾವ, ಪಾತ್ರ ಹೋಗತ್ತೆ ಅಂತ ಇಷ್ಟು ಹೊಟ್ಟೆಕಿಚ್ಚಾ? ನೋಟು ಹಿಡ್ಕೊಂಡು ಕಿಟಕೀಲಿ ಗೋಗರೆದೋರನ್ನ ನಾನು ಕಣ್ಣಾರೆ ನೋಡಿದ್ದೀನಿ. ಅವರೂ ನಿಮ್ಮ ಬಿಲ್ಡಿಂಗಿನೋರಾ?"

ಅವರು ಮಾತ್ರ ಬಿಲ್ಡಿಂಗಿನವರಲ್ಲ. ಅವರಷ್ಟೇ ನಿಜವಾದ ಜನ, ಅವರನ್ನು ಓಡಿಸಿದ್ದೂ ತಾನೇ. ಇದನ್ನು ಯಾವ ಬಾಯಲ್ಲಿ ಹೇಳುವುದು ಅಂತ ಲೋಟಣ್ಣನಿಗೆ ತಿಳಿಯಲಿಲ್ಲ. ಹೇಳಿ ನಂಬಿಸಿದರೂ ಏನು ಬಂತು? ನಂಬಿದರೆ ನಾಟಕ ನಿಲ್ಲುತ್ತದೆ, ಟೈರ್ ಅಂಗಡಿ. ನಂಬದಿದ್ದರೆ ನಾಟಕ ನಡೆಯುತ್ತದೆ, ಆಗಲೂ ಟೈರ್ ಅಂಗಡಿ.

"ನಿಮಗೆ ಬುದ್ಧಿ ಯಾವಾಗ ಬರತ್ತೋ" ಅಂದಳು ಹೆಂಡತಿ. "ಅವನು ಇಡೀ ಅಂಗಡಿ ಕೈಗೆ ಕೊಡ್ತಿದ್ದಾನೆ, ನೀವು ಒಂದು ಲೋಟ ನೀರಿಗೆ ಹೊಡೆದಾಡ್ತಿದ್ದೀರಿ."

ಭಾವಮೈದುನ ಆಗಲೇ ಎದ್ದು ಮೇಜಿನ ಮೇಲಿದ್ದ ತಟ್ಟೆ ಎತ್ತಿಕೊಂಡಿದ್ದ. ಟೈರು ಉರುಳಿಸುವವನಂತೆ ಬಗ್ಗಿ ನಡೆದು ಬಂದು, "ಅಮ್ಮಾವ್ರೇ! ನೀರು!" ಅಂತ ಗಿರಾಕಿಯನ್ನು ಕೂಗುವ ದನಿಯಲ್ಲಿ ಕೂಗಿದ. ಕಿಟಕಿಯ ಗಾಜು ನಡುಗಿತು. "ಹೆಂಗಿತ್ತು ಭಾವ?"

ಲೋಟಣ್ಣ ಹತ್ತಿರ ಹೋಗಿ ಅವನ ಮೊಣಕೈಯನ್ನು ಸ್ವಲ್ಪ ಕೆಳಗಿಳಿಸಿದ. "ಅಷ್ಟು ಜೋರು ಬೇಡಪ್ಪಾ. ಅವಳ ಗಂಡ ಸತ್ತಿದ್ದಾನೆ. ನಿನಗೂ ದುಃಖ ಇರ್ಬೇಕು." ಹೇಳುವಾಗ ಅವನ ದನಿ ಒಡೆಯಿತು. "ಇಂಥದೇ ದನಿ, ಇದೇ!" ಅಂತ ಭಾವಮೈದುನ ಮೆಚ್ಚಿಕೊಂಡು ಬರೆದಿಟ್ಟುಕೊಳ್ಳಲು ಪೆನ್ನು ಹುಡುಕಿದ.

ಹೊರಡುವಾಗ ಹೊಸ ಮಾಲೀಕ ಯಜಮಾನರ ಡ್ರಾಯರಿನಿಂದ ಎರಡು ಚೀಟಿ ತೆಗೆದು ಲೋಟಣ್ಣನ ನೀಲಿ ಕೋಟಿನ ಜೇಬಿಗೆ ತುರುಕಿದ.

"ನಿಮ್ಮನ್ನ ಮರೀತೀನಾ, ಭಾವ? ಇಲ್ಲಿ ಪದ್ಧತಿ ಇದ್ಯಂತೆ, ಮನೆಯವರಿಗೆ ವಾರಕ್ಕೆ ಎರಡು ಪಾಸು. ಪ್ರತಿ ಭಾನುವಾರ ಅಕ್ಕನ ಜೊತೆ ಬನ್ನಿ. ನಾನು ನೀರು ತಂದಾಗ ಎದ್ದು ನಿಂತು ಚಪ್ಪಾಳೆ ಹೊಡೀಬೇಕು, ಆಯ್ತಾ?"

ಲೋಟಣ್ಣ ಕೋಟು ಹೆಗಲಿಗೆ ಹಾಕಿಕೊಂಡು ಖಾಲಿ ಕುರ್ಚಿಗಳ ನಡುವೆ ಬಾಗಿಲ ಕಡೆ ನಡೆದ. ಹಿಂದೆ ತಾತ ದಾರಿ ತೋರಿಸಲು ಟಾರ್ಚು ಹಾಕಿದರು. ಬೆಳಕು ಅವನ ಬೋಳುತಲೆಯ ಮೇಲೆ ಒಂದು ಕ್ಷಣ ನಿಂತು, ಪಕ್ಕದಲ್ಲಿದ್ದ ಹೆಂಡತಿಯ ತಲೆಗೆ ಸರಿಯಿತು.

"ಮುಂದಿನ ಭಾನುವಾರಕ್ಕೆ ಎರಡು ತಲೆ ಆಯ್ತು" ಅಂದರು ತಾತ. "ಇನ್ನು ಮುನ್ನೂರ ತೊಂಬತ್ತೆಂಟು ಎಲ್ಲಿಂದ ತರ್ತಾರೋ ನೋಡ್ಬೇಕು."